ಎರಡೂ ಕಂಡವನು

ಮಾರ್ಚ್ ೪

ಮೊಂಡನಿಗೆ,

ನಿನ್ನ ಹೆಸರು ಬರೆಯಲು ಹೋದೆ, ಕೈ ಬರಲಿಲ್ಲ. ಅದನ್ನು ಕೊನೆಯ ಸಲ ಕೇಳಿದ್ದು ಕೋರ್ಟಿನಲ್ಲಿ, ವಕೀಲರ ಬಾಯಲ್ಲಿ. ಯಾರೋ ಬೇರೆಯವರ ಹೆಸರಿನಂತೆ ಕೇಳಿಸಿತ್ತು. ನಮಗೆ ಕೆಲಸ ಕಲಿಸಿದ ಮೇಸ್ತ್ರಿ ಇಟ್ಟ ಹೆಸರೇ ಇರಲಿ. ಉಳಿಯೂ ಮೊಂಡು, ಬುದ್ಧಿಯೂ ಮೊಂಡು ಎಂದು ಅವರು ನಿನ್ನನ್ನು ಮೊಂಡ ಎಂದರು. ಕಡ್ಡಿಯ ಮೇಲೆ ತಲೆ ಇಟ್ಟ ಹಾಗಿದ್ದೇನೆಂದು ನನ್ನನ್ನು ಮೊಳೆ ಎಂದರು. ಈ ಎರಡು ಹೆಸರುಗಳ ಮೇಲೆ ಯಾವ ಕೇಸೂ ಇಲ್ಲ.

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಶಿಕ್ಷೆ ಮುಗಿಯಿತು. ಚಳಿ ಶುರುವಾಗುವ ಹೊತ್ತಿಗೆ ಬಿಟ್ಟರು. ನಮ್ಮೂರಿಗೆ ಬರಲಿಲ್ಲ, ಬರುವುದೂ ಇಲ್ಲ, ಹೆದರಬೇಡ. ಇಲ್ಲಿ ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಕೆಲಸ ಹುಡುಕಿ ಹುಡುಕಿ ಚಪ್ಪಲಿ ಸವೆಯಿತು. ಹೋದಲ್ಲೆಲ್ಲ ಒಂದು ತುಂಡು ಮರ ಕೊಟ್ಟು ನೋಡುತ್ತಾರೆ, ತಲೆದೂಗುತ್ತಾರೆ, ಆಮೇಲೆ ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳುತ್ತಾರೆ. ಹೇಳಿದರೆ, “ಕೈಕೆಲಸ ಚೆನ್ನಾಗಿದೆಯಪ್ಪ, ಆದ್ರೆ...” ಎನ್ನುತ್ತಾರೆ. ಆ ‘ಆದ್ರೆ’ಯ ಮುಂದೆ ಏನಿದೆ ಎಂದು ಇದುವರೆಗೆ ಯಾರೂ ಪೂರ್ತಿ ಹೇಳಿಲ್ಲ.

ಸೈಕಲ್ ಅಂಗಡಿಯವನು ಒಂದು ಉಪಾಯ ಹೇಳಿಕೊಟ್ಟ. “ಹೊರಗಡೆ ಇದ್ದೆ ಅನ್ನಪ್ಪ. ಪರದೇಶ ಅಂದ್ಕೊಳ್ತಾರೆ. ನೀನೇನೂ ಸುಳ್ಳು ಹೇಳಿದ ಹಾಗಾಗಲ್ಲ.” ಒಳಗಿದ್ದವನು ಹೊರಗಿದ್ದೆ ಎನ್ನುವುದು ಹೇಗೆ ಸುಳ್ಳಲ್ಲವೋ ನನಗೆ ತಿಳಿಯಲಿಲ್ಲ. ಆದರೂ ಒಂದು ಕಡೆ ಹೇಳಿದೆ. ಆ ಮರಗೆಲಸದ ಅಂಗಡಿಯವನು ಬಹಳ ಸಂತೋಷಪಟ್ಟು ಕುರ್ಚಿ ಹಾಕಿಸಿದ. “ಅಲ್ಲಿ ಊಟ ಒಗ್ಗಿತಾ ನಿಮಗೆ?” ಎಂದು ಕೇಳಿದ. ಒಗ್ಗಲಿಲ್ಲ ಎಂದೆ. ಅಂದು ನಾನಾಡಿದ ಮಾತುಗಳಲ್ಲಿ ಅದೊಂದೇ ನಿಜ. ಮರುದಿನ ಅಲ್ಲಿಗೆ ಹೋಗಲಿಲ್ಲ.

ಕೊನೆಗೆ ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯೊಂದರಲ್ಲಿ ಏನೂ ಕೇಳದೆ ಸೇರಿಸಿಕೊಂಡರು. ಉಪ್ಪುಕಾಗದ ಹಿಡಿದು ಮರ ಉಜ್ಜುವ ಕೆಲಸ. ನಡೆಸುವವರು ವಯಸ್ಸಾದ ಹೆಂಗಸು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಾರೆ, ಆದರೆ ಚೌಕಟ್ಟು ಕೂದಲೆಳೆಯಷ್ಟು ವಾಲಿದರೂ ದೂರದಿಂದಲೇ ಬೈಯುತ್ತಾರೆ. ನಾವೆಲ್ಲ ಅವರನ್ನು ಯಜಮಾನಿ ಎನ್ನುತ್ತೇವೆ.

ಹೋದ ವಾರ ಒಂದು ಶಾಲೆಯ ಹೊಸ ಕಟ್ಟಡಕ್ಕೆ ಬಾಗಿಲು ಕೂರಿಸಲು ಹೋಗಿದ್ದೆವು. ಒಂದು ಕೋಣೆಯ ಒಳಗೆ ನಿಂತು ಬಾಗಿಲು ಮುಚ್ಚು, ಎಲ್ಲಾದರೂ ತಾಗುತ್ತದೆಯೇ ನೋಡು ಎಂದರು. ಮುಚ್ಚಿದೆ. ಎಲ್ಲೂ ತಾಗಲಿಲ್ಲ. ಆಮೇಲೆ ಬಾಗಿಲ ಮುಂದೆ ಕೈಕಟ್ಟಿ ನಿಂತೆ. ಹೊರಗೆ ಸಾಮಾನು ಕಟ್ಟುವ ಸದ್ದು ಕೇಳುತ್ತಿತ್ತು. ನನ್ನನ್ನು ಕೂಗಿದರು. “ಇಲ್ಲೇ ಇದ್ದೀನಿ” ಎಂದೆ. ನಿಂತೇ ಇದ್ದೆ. ಕೊನೆಗೆ ಯಜಮಾನಿಯೇ ಬಂದು ಬಾಗಿಲು ತೆಗೆದರು.

“ಏನಪ್ಪಾ, ಚಿಲಕಾನೇ ಇನ್ನೂ ಹಾಕಿಲ್ಲ. ತಳ್ಳಿದ್ರೆ ಆಗ್ತಿತ್ತಲ್ಲ. ಯಾರಿಗೆ ಕಾಯ್ತಿದ್ದೆ?”

ನಾಲ್ಕು ವರ್ಷ ನಾನು ಒಂದು ಬಾಗಿಲನ್ನೂ ಕೈಯಾರೆ ತೆಗೆದಿರಲಿಲ್ಲ, ಮೊಂಡ. ಅಲ್ಲಿ ಬಾಗಿಲು ಬಂದರೆ ನಿಲ್ಲಬೇಕು. ಬೀಗದ ಕೈ ಇದ್ದವರು ಬಂದು ತೆಗೆಯುತ್ತಾರೆ. ಹೊರಬಂದ ಮೇಲೂ ನನ್ನ ಕೋಣೆಯ ಬಾಗಿಲನ್ನು ನಾನು ಮುಚ್ಚಿದ್ದಿಲ್ಲ. ಬಾಗಿಲು ಮಾಡುವವನಿಗೆ ಬಾಗಿಲು ತೆಗೆಯುವುದೇ ಮರೆತುಹೋಗಿತ್ತು. ಯಜಮಾನಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಅಲ್ಲಿಗೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಎಲ್ಲ ಹೇಳಿದೆ. ಜೊತೆಯಲ್ಲೇ ಕೆಲಸ ಕಲಿತವನಿಗೆ, ಉಳಿಗೆ ಹೊಡೆಯುವ ಮರದ ಕೊಡತಿಯಿಂದ ಹೊಡೆದೆ, ಅವನ ಎಡಗಿವಿ ಹೋಯಿತು ಎಂದು ಹೇಳಿದೆ.

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. “ಈ ಶಾಲೆ ಕೆಲಸ ಜೂನ್‌ಗೆ ಮುಗಿಯುತ್ತೆ. ಅಲ್ಲಿವರೆಗೆ ಉಜ್ಜು. ಆಮೇಲೆ ನಂಗೆ ಉಜ್ಜೋರು ಬೇಡ, ಉಳಿ ಹಿಡಿಯೋ ಬಡಗಿ ಬೇಕು. ಆದ್ರೆ ಇಲ್ಲಿ ಹತ್ತು ತಲೆ ಇದೆ, ಇಪ್ಪತ್ತು ಕಿವಿ ಇದೆ. ನಿನ್ನ ಕೆಲಸ ಕಂಡೋರು ಬಂದು ಹೊಗಳಿದ್ರೆ ಸಾಲಲ್ಲ. ನಿನ್ನ ಕೋಪ ಕಂಡೋರು ಬಂದು ಬೈದ್ರೂ ಸಾಲಲ್ಲ. ಎರಡೂ ಕಂಡೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ. ಅವರ ಮಾತು ಕೇಳಿ ನಿನ್ನ ಕೈಗೆ ಕೊಡತಿ ಕೊಡ್ತೀನಿ.”

‘ಆದ್ರೆ’ಯ ಮುಂದಿನ ಮಾತನ್ನು ಪೂರ್ತಿ ಹೇಳಿದವರು ಇವರೊಬ್ಬರೇ. ಎರಡೂ ಕಂಡವನು ನೀನೊಬ್ಬನೇ. ಕೇಳಬಾರದು ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಒಮ್ಮೆ ಬರುತ್ತೀಯಾ?

ಮೊಳೆ


ಮಾರ್ಚ್ ೧೮

ನಿಮಗೆ,

ಹಿಂದೆ ನಿಮ್ಮನ್ನು ನೀನು ಎನ್ನುತ್ತಿದ್ದೆ, ಮೈದುನ ಎನ್ನುತ್ತಿದ್ದೆ, ತಟ್ಟೆ ಮುಂದಿಟ್ಟು “ತಿನ್ನೋ ಮೊದ್ಲು” ಎಂದು ಗದರುತ್ತಿದ್ದೆ. ಈಗ ನೀವು ಎಂದು ಬರೆಯುತ್ತಿದ್ದೇನೆ. ಗೌರವ ಎಂದುಕೊಳ್ಳಬೇಡಿ. ನಡುವೆ ಜಾಗ ಬೇಕು, ಅದಕ್ಕೆ.

ನಿಮ್ಮ ಪತ್ರವನ್ನು ಇವರು ನಿಂತೇ ಓದಿದರು. ನಮ್ಮ ಊಟದ ಮೇಜಿನ ಒಂದು ಕಾಲು ಗಿಡ್ಡ, ಮುಟ್ಟಿದರೆ ಅಲುಗಾಡುತ್ತದೆ. ಬಡಗಿಯ ಮನೆಯ ಮೇಜು, ಇನ್ನು ಹೇಗಿರುತ್ತದೆ? ಪತ್ರವನ್ನು ಚಿಕ್ಕದಾಗಿ ಮಡಿಸಿ ಆ ಕಾಲಿನ ಕೆಳಗೆ ತುರುಕಿ ಕೈ ತೊಳೆದುಕೊಂಡರು. ಉತ್ತರ ಇಷ್ಟೇ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನೀವು ಬಾಗಿಲಿನ ಕಥೆ ಬರೆದಿದ್ದೀರಿ. ನಾನು ಗೋಡೆಯ ಕಥೆ ಹೇಳುತ್ತೇನೆ. ಇವರು ಈಗ ಗೋಡೆಗೆ ಬೆನ್ನು ತಾಗಿಸದೆ ಎಲ್ಲಿಯೂ ಕೂರುವುದಿಲ್ಲ. ಬಸ್ಸಿನಲ್ಲಿ ಕೊನೆಯ ಸೀಟು ಸಿಗದಿದ್ದರೆ ಇಳಿದುಬಿಡುತ್ತಾರೆ. ಹಿಂದೆ ಯಾರೋ ಕತ್ತರಿ ಹಿಡಿದು ನಿಲ್ಲುತ್ತಾರೆಂದು ಕ್ಷೌರದ ಅಂಗಡಿಗೆ ಹೋಗುವುದಿಲ್ಲ. ನಾನೇ ಕತ್ತರಿಸಬೇಕು, ಅದೂ ಎದುರಿಗೆ ನಿಂತು. ತಲೆ ಯಾವ ಚೆಂದಕ್ಕೆ ಇರುತ್ತದೆಂದು ನೀವೇ ಊಹಿಸಿಕೊಳ್ಳಿ. ಮಗಳು ಎಡಗಡೆಯಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚಿ ಕೈ ಎತ್ತುತ್ತಾರೆ. ಆಮೇಲೆ ಇಡೀ ದಿನ ಅವಳ ಮುಖ ನೋಡಲಾರರು.

ಇಂಥವರು ಬಂದು ನಿಮಗೆ ಕೆಲಸ ಕೊಡಿಸಬೇಕೇ? ಮತ್ತೆ ಬರೆಯಬೇಡಿ.

ಇಂತಿ
ಅವರ ಹೆಂಡತಿ


ಏಪ್ರಿಲ್ ೨

ಅತ್ತಿಗೆಗೆ,

ಹೀಗೆ ಕರೆಯುವ ಹಕ್ಕು ಹೋಯಿತೆಂದು ಗೊತ್ತು. ಬೇರೆ ಹೇಗೆ ಕರೆಯಬೇಕೆಂದು ಗೊತ್ತಿಲ್ಲ.

ಗೋಡೆಯ ವಿಷಯ ನನಗೆ ತಿಳಿದಿರಲಿಲ್ಲ. ಕಿವಿ ಹೋಯಿತು ಎಂದಷ್ಟೇ ತಿಳಿದಿದ್ದೆ. ಕೋರ್ಟಿನ ಕಾಗದದಲ್ಲಿ ಕಿವಿ ಮಾತ್ರ ಇತ್ತು. ನಿಮ್ಮ ಮಗಳು ಅದರಲ್ಲಿ ಇರಲಿಲ್ಲ. ಅವನನ್ನು ಕರೆದದ್ದು ತಪ್ಪಾಯಿತು. ಇನ್ನು ಬರೆಯುವುದಿಲ್ಲ.

ಮೊಳೆ


ಏಪ್ರಿಲ್ ೨೫

ಲೋ ಮೊಳೆ,

ಮೇಜು ಇನ್ನೂ ಅಲುಗಾಡುತ್ತಿದೆ. ನಿನ್ನ ಮೊದಲ ಪತ್ರ ಸಾಲಲಿಲ್ಲ. ಹೆಂಡತಿಗೆ ಬರೆದದ್ದನ್ನೂ ಕಸಿದು ಕಾಲಿನ ಕೆಳಗೆ ಇಟ್ಟು ನೋಡಿದೆ, ಅದು ಲೆಕ್ಕಕ್ಕೇ ಬರಲಿಲ್ಲ. ಅರ್ಧ ಹಾಳೆಯಲ್ಲಿ ತಪ್ಪಾಯಿತು ಎಂದು ಮುಗಿಸುತ್ತಾರೇನೋ, ಜಿಪುಣ?

ನಿನಗೆ ಶಿಕ್ಷೆಯಾಗಿದೆ ಎಂದು ಕೆಲಸ ಕೊಡುತ್ತಿಲ್ಲ. ನನಗೆ ಯಾವ ಶಿಕ್ಷೆಯೂ ಆಗಿಲ್ಲ, ನನಗೂ ಕೊಡುತ್ತಿಲ್ಲ. ಮರ ಕೊಯ್ಯುವ ಮಿಲ್ಲಿಗೆ ಹೋದರೆ, “ಹುಷಾರ್ ಅಂತ ಎಡಗಡೆಯಿಂದ ಕೂಗಿದ್ರೆ ನಿಂಗೆ ಕೇಳ್ಸುತ್ತಾ?” ಎಂದರು. ಕೇಳುವುದಿಲ್ಲ ಎಂದೆ. ಏಣಿ ಹತ್ತಿದರೆ ತಲೆ ಸುತ್ತುತ್ತದೆ. ಇಬ್ಬರು ಹಿಡಿಯುವ ಗರಗಸಕ್ಕೆ ಆ ಕಡೆ ಕೂರಲು ಜನ ಬೇಕು, ನನ್ನ ಜೊತೆ ಕೂರುತ್ತಿದ್ದವನು ಎಲ್ಲಿಗೆ ಹೋದನೆಂದು ನಿನಗೇ ಗೊತ್ತು. ಈಗ ಮನೆ ಮುಂದೆ ಗೋಡೆಗೆ ಒರಗಿ ಊರಿನವರ ಮುರುಕು ಕುರ್ಚಿ ರಿಪೇರಿ ಮಾಡುತ್ತೇನೆ. ಒಂದೇ ಏಟಿಗೆ ಇಬ್ಬರ ಕೆಲಸ ಕಳೆದೆ ನೀನು. ಮೇಸ್ತ್ರಿ ಇದ್ದಿದ್ದರೆ ಮೆಚ್ಚುತ್ತಿದ್ದರು, ಒಂದೇ ಏಟಿಗೆ ಕೆಲಸ ಮುಗಿಸಬೇಕು ಎಂದು ಸಾರುತ್ತಿದ್ದವರು ಅವರೇ ತಾನೆ.

ನಿನ್ನ ಯಜಮಾನಿ ಬುದ್ಧಿವಂತೆ. ಆದರೆ ನಾನು ಬರುವುದಿಲ್ಲ, ಒಂದು ಸಾಲೂ ಬರೆದುಕೊಡುವುದಿಲ್ಲ. ಏನೆಂದು ಬರೆಯಲಿ? ‘ಈತ ಒಳ್ಳೆಯ ಬಡಗಿ, ಗುರಿ ತಪ್ಪುವವನಲ್ಲ’ ಎಂದೇ?

ಬಾಗಿಲ ಮುಂದೆ ನಿಂತ ಕಥೆಗೆ ಮಾತ್ರ ನಕ್ಕೆ. ನಕ್ಕೆನಲ್ಲ ಎಂದು ಆಮೇಲೆ ನನ್ನ ಮೇಲೇ ಸಿಟ್ಟು ಬಂತು.

ಇನ್ನೊಂದು ಮಾತು. ಅಂದು ಆ ಹಲಗೆಯನ್ನು ಅರ್ಧ ಬೆರಳು ಗಿಡ್ಡ ಕೊಯ್ದದ್ದು ನೀನೇ. ಅಂದೂ ನಾನು ಅದನ್ನೇ ಹೇಳಿದೆ, ಅದಕ್ಕೇ ನೀನು ಹೊಡೆದೆ. ಇಷ್ಟು ವರ್ಷ ಯೋಚನೆ ಮಾಡಿಯೂ ಇವತ್ತು ಅದನ್ನೇ ಹೇಳುತ್ತೇನೆ. ಓದಿದ ಮೇಲೆ ಸಿಟ್ಟು ಬಂತೋ ಇಲ್ಲವೋ ಬರೆ. ಸುಳ್ಳು ಬರೆಯಬೇಡ.

ಮೊಂಡ


ಮೇ ೧೨

ಮೊಂಡ,

ಸಿಟ್ಟು ಬಂತು. ಓದುತ್ತಿದ್ದಂತೆ ಮುಖವೆಲ್ಲ ಬಿಸಿಯಾಯಿತು. ಹಲಗೆ ನಾನು ಕೊಯ್ದದ್ದಲ್ಲ. ಅಳತೆಯ ಗೀಟು ನಾನು ಹಾಕಿದೆ, ಗರಗಸ ಇಟ್ಟದ್ದು ನೀನು. ನೀನು ಗೀಟಿನ ಈಚೆಗೆ ಇಟ್ಟೆ. ಇಂದಿಗೂ ನನ್ನ ಮಾತು ಇದೇ.

ಸಿಟ್ಟು ಬಂದ ಮೇಲೆ ಏನು ಮಾಡಿದೆ ಎಂದೂ ಬರೆಯುತ್ತೇನೆ. ಪತ್ರ ಇಟ್ಟು ಕೆಳಗಿಳಿದು ಹೋಗಿ ಸೈಕಲ್ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಸೈಕಲ್ಲುಗಳಿಗೆಲ್ಲ ಗಾಳಿ ಹೊಡೆದೆ. ಒಂದರ ಟ್ಯೂಬು ಒಡೆಯಿತು. ಅಂಗಡಿಯವನು, “ಸಿಟ್ಟು ಬಂದಾಗೆಲ್ಲ ಬಾರಪ್ಪ, ನಂಗೆ ಪಂಕ್ಚರ್ ವ್ಯಾಪಾರ ಆಗುತ್ತೆ” ಎಂದ. ಇದು ನನಗೆ ಯಾರೂ ಕಲಿಸಿದ್ದಲ್ಲ. ಸಿಟ್ಟು ಹೋಗುವುದಿಲ್ಲ ಎಂದು ಒಳಗಿದ್ದಾಗ ಗೊತ್ತಾಯಿತು. ಬಂದಾಗ ಕೈಯನ್ನು ಎಲ್ಲಿಡಬೇಕೆಂದು ಮೊದಲೇ ಗೊತ್ತು ಮಾಡಿಕೊಂಡಿರಬೇಕು, ಅಷ್ಟೇ.

ಅಂದು ಹಾಗೆ ಮಾಡಲಿಲ್ಲ. ವಕೀಲರು ‘ಕೈಯಲ್ಲಿ ಕೊಡತಿ ಇತ್ತು, ಆವೇಶದಲ್ಲಿ ಬೀಸಿದ’ ಎಂದು ಹೇಳಿಸಿದರು. ಅದು ಪೂರ್ತಿ ನಿಜವಲ್ಲ. ನೀನು ಮಾತು ಮುಗಿಸಿ ಆ ಕಡೆ ತಿರುಗಿ ಕೂತೆ. ನಾನು ಎದ್ದು ನಿನ್ನ ಹಿಂದೆ ಬಂದೆ. ಅಷ್ಟು ದೂರ ನಡೆಯುವಾಗ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ನೀನು ಗೋಡೆಗೆ ಒರಗಿ ಕೂರುವುದು ನನ್ನ ಏಟಿಗಿಂತ ಹೆಚ್ಚಾಗಿ ನನ್ನ ಆ ನಡಿಗೆಯಿಂದ ಎಂದು ಅತ್ತಿಗೆಯ ಪತ್ರ ಓದಿದ ಮೇಲೆ ತಿಳಿಯಿತು. ಇದಕ್ಕೆ ಎಷ್ಟು ಹಾಳೆಯಲ್ಲಿ ಕ್ಷಮೆ ಕೇಳಿದರೂ ಸಾಲದು, ಅದಕ್ಕೇ ಅರ್ಧ ಹಾಳೆಗೆ ನಿಲ್ಲಿಸಿದ್ದೆ. ಜಿಪುಣತನವಲ್ಲ.

ಕೋರ್ಟಿನಲ್ಲಿ ನೀನು ಹೇಳಿದ್ದು ನೆನಪಿದೆ. ಉಪ್ಪು ಖಾರ ಹಚ್ಚಿ ಹೇಳಿದ್ದರೆ ನನಗೆ ಇನ್ನೂ ನಾಲ್ಕು ವರ್ಷ ಆಗುತ್ತಿತ್ತು. ನೀನು ಒಂದು ಮಾತೂ ಸೇರಿಸಲಿಲ್ಲ, ಒಂದು ಮಾತೂ ಬಿಡಲಿಲ್ಲ. ಅದಕ್ಕೇ ನಿನ್ನನ್ನು ಕರೆಯುವ ಧೈರ್ಯ ಬಂದದ್ದು. ನೀನು ಬಂದು ಇವನ ಕೈಗೆ ಕೊಡತಿ ಕೊಡಬೇಡಿ ಎಂದರೂ ಅದು ಸರಿಯಾಗಿಯೇ ಇರುತ್ತಿತ್ತು.

ಶಾಲೆಯ ಬಾಗಿಲುಗಳು ಮುಗಿಯುತ್ತಾ ಬಂದವು. ಇನ್ನು ಉಳಿದಿರುವುದು ಕಿಟಕಿಗಳು. ನನ್ನ ಪಕ್ಕದ ಬಡಗಿ ಉಳಿಯಿಂದ ಮರದಲ್ಲಿ ಗುಳಿ ತೋಡುವಾಗ ನೋಡುತ್ತಾ ನಿಂತರೆ ನನ್ನ ಕೈ ತಾನಾಗಿ ಅಲ್ಲಾಡುತ್ತದೆ. ಉಳಿ ಹಿಡಿಯದ ಬಡಗಿಯಾಗಿ ಸಾಯುತ್ತೇನೇನೋ ಎಂದು ಭಯವಾಗುತ್ತದೆ, ಮೊಂಡ. ಬೇರೆ ಯಾರಿಗೂ ಇದನ್ನು ಹೇಳಲಾರೆ. ಆದರೂ ನೀನು ಬರಬೇಡ.

ಈ ಸಲ ದಪ್ಪ ಕಾಗದವನ್ನೇ ತಂದು ಬರೆದಿದ್ದೇನೆ. ಮೇಜಿಗೆ ಸಾಕಾಗಬಹುದು.

ಮೊಳೆ


ಜೂನ್ ೫

ಮೊಳೆ,

ಮೇಜು ನಿಂತಿತು. ಇನ್ನು ಬರೆಯಬೇಡ.

ಗೀಟು ಹಾಕಿದವನೇ ತಪ್ಪು ಹಾಕಿದ್ದ.

ಬಸ್ ನಿಲ್ದಾಣದಿಂದ ಆ ಕಾರ್ಖಾನೆ ಯಾವ ಕಡೆಗೆ ಎಂದು ಮೂರು ಪತ್ರದಲ್ಲಿ ಎಲ್ಲೂ ಬರೆದಿಲ್ಲ ನೀನು. ಕರೆಯುವವರಿಗೆ ಅಷ್ಟಾದರೂ ಬುದ್ಧಿ ಬೇಡವೇ?

ಮೊಂಡ


ಜೂನ್ ೨೪

ಮೊಂಡ,

ಬರೆಯಬೇಡ ಎಂದು ನೀನು ಹೇಳಿದ್ದೆ, ದಾರಿಯನ್ನೂ ನೀನೇ ಕೇಳಿಕೊಂಡು ಬಂದೆ. ಆದರೆ ಮೊನ್ನೆ ಕಾರ್ಖಾನೆಯಲ್ಲಿ ನೀನು ನನಗೆ ಬೆನ್ನು ಮಾಡಿ ಕೂತಿದ್ದೆ. ಹಿಂದೆ ಏನಾಯಿತೆಂದು ನೋಡಲು ನಿನಗೆ ಬೆನ್ನಿನಲ್ಲಿ ಕಣ್ಣಿಲ್ಲ. ಅದನ್ನು ನಾನೇ ಹೇಳಬೇಕು.

ನೀನು ಒಳಗೆ ಬಂದಾಗ ನಾನು ಕಿಟಕಿಯ ಚೌಕಟ್ಟು ಉಜ್ಜುತ್ತಿದ್ದೆ. ತಲೆಗೂದಲು ನೋಡಿಯೇ ನೀನೆಂದು ತಿಳಿಯಿತು. ಅತ್ತಿಗೆ ಎದುರಿನಿಂದ ಕತ್ತರಿಸುತ್ತಾರೆಂದು ಬರೆದದ್ದು ಸುಳ್ಳಲ್ಲ. ನೀನು ನನ್ನ ಕಡೆ ನೋಡಲೇ ಇಲ್ಲ. ಯಜಮಾನಿಯ ಮುಂದೆ ನಿಂತು, “ಎರಡೂ ಕಂಡೋನು ನಾನೇ. ಇವನ ಕೆಲಸ ಮೇಸ್ತ್ರಿಗಿಂತ ಚೆನ್ನಾಗಿದೆ. ಇವನ ಕೋಪ ಇಲ್ಲಿದೆ” ಎಂದು ಎಡಗಿವಿ ಮುಟ್ಟಿ ತೋರಿಸಿದೆ. “ಈಗ ಹೇಗಿದ್ದಾನೋ ನಂಗೂ ಗೊತ್ತಿಲ್ಲಮ್ಮ. ನೋಡೋಣ. ಅವನ ಕೈಗೆ ಉಳಿ ಕೊಡತಿ ಕೊಡಿ.”

ಆಮೇಲೆ ಗೋಡೆಯ ಪಕ್ಕದಲ್ಲಿದ್ದ ಸ್ಟೂಲನ್ನು ನೀನೇ ಎಳೆದು ತಂದು ನಟ್ಟನಡುವೆ ಹಾಕಿಕೊಂಡು, ನನ್ನ ಕಡೆ ಬೆನ್ನು ತಿರುಗಿಸಿ ಕೂತು ಟೀ ಕೇಳಿದೆ. ನಾನು ನಿನ್ನ ಹಿಂದೆ ಇದ್ದೆ, ಎಡಗಡೆಗೆ. ಬೇರೆಯವರಿಗೆ ಅದರ ಅರ್ಥ ಆಗಿರಲಿಕ್ಕಿಲ್ಲ. ನನಗೆ ಆಯಿತು. ಯಜಮಾನಿ ಕೊಟ್ಟ ಉಳಿ ಕೊಡತಿ ಹಿಡಿದು ಚೌಕಟ್ಟಿನಲ್ಲಿ ಗುಳಿ ತೋಡಲು ಶುರು ಮಾಡಿದೆ.

ಮೊದಲ ಏಟು ಉಳಿಯ ಮೇಲೆ ಬಿದ್ದಾಗ ನಿನ್ನ ಎರಡೂ ಹೆಗಲು ಕಿವಿಯವರೆಗೆ ಹೋದವು. ಎರಡನೆಯದಕ್ಕೂ ಹೋದವು. ನಿಲ್ಲಿಸಿಬಿಡೋಣ ಎನಿಸಿತು. ಅಷ್ಟರಲ್ಲಿ ನೀನು ತಿರುಗದೆಯೇ, ಇಡೀ ಕಾರ್ಖಾನೆಗೆ ಕೇಳುವ ಹಾಗೆ, “ಅಮ್ಮಾ, ಆ ಹಲಗೆ ಅರ್ಧ ಬೆರಳು ಗಿಡ್ಡ ಕೊಯ್ದೋನು ಇವನೇ. ಇವತ್ತಿಗೂ ಒಪ್ಕೊಂಡಿಲ್ಲ, ಸುಳ್ಳ!” ಎಂದೆ.

ಎಲ್ಲರ ಕೆಲಸವೂ ನಿಂತಿತು. ಅಂದಿನ ಮಾತೇ, ಅಂದಿನ ಬೆನ್ನೇ, ನನ್ನ ಕೈಯಲ್ಲಿ ಅಂಥದೇ ಕೊಡತಿ. ನಿನ್ನ ಲೋಟದಲ್ಲಿ ಟೀ ಕುಲುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹೆದರಿಕೊಂಡೇ ಅಂದೆ ನೀನು. ಹೆದರಿಕೊಂಡೂ ತಿರುಗಿ ನೋಡಲಿಲ್ಲ. ನನಗೆ ಸಿಟ್ಟು ಬಂತೋ ಇಲ್ಲವೋ ಎಂದು ಕೇಳಬೇಡ, ಬಂತು. “ನಾನಲ್ಲ, ನೀನೇ” ಎಂದೆ. ಹೇಳಿ, ಮುಂದಿನ ಏಟನ್ನು ಉಳಿಯ ಮೇಲೆ ಹಾಕಿದೆ. ಅದರ ಮುಂದಿನದನ್ನೂ ಉಳಿಯ ಮೇಲೆಯೇ ಹಾಕಿದೆ. ಸ್ವಲ್ಪ ಹೊತ್ತಿಗೆ ನಿನ್ನ ಹೆಗಲು ಇಳಿಯಿತು. ನೀನು ಲೋಟ ಎತ್ತಿ ಟೀ ಕುಡಿದೆ. ಆಗ ನನಗೆ ಕಣ್ಣು ಮಂಜಾಗಿ ಗುಳಿ ಒಂದು ಕಡೆ ಕೊಂಚ ಓರೆಯಾಯಿತು. ನೀನು ಹೋಗುವ ಮುಂಚೆ ಅದರೊಳಗೆ ಬೆರಳಿಟ್ಟು ನೋಡಿ, ಮುಖ ಗಂಟಿಕ್ಕಿಕೊಂಡು ಹೋದೆಯಲ್ಲ, ಆ ಓರೆಗೆ ಕಾರಣ ಇದು.

ನೀನು ಹೋದ ಮೇಲೆ ಯಜಮಾನಿ, “ನಿನ್ನ ಕೈ ನಾನು ನೋಡ್ಲೇ ಇಲ್ಲಪ್ಪ, ಅವರ ಹೆಗಲು ನೋಡ್ತಾ ಇದ್ದೆ” ಎಂದರು. ಮರುದಿನ ಉಪ್ಪುಕಾಗದಕ್ಕೆ ಕೈ ಹಾಕಿದರೆ ಕಿತ್ತುಕೊಂಡರು. “ಅದು ಬೇಡ. ನಿನ್ನ ಉಳಿ ನೀನೇ ಮಸ್ಕೊಂಡು ಇಟ್ಕೋ.”

ಈಗ ನಾನು ಬಡಗಿ. ನೀನು ಬಂದ ದಿನ ಸಂಜೆ ಎಲ್ಲರೂ ಹೋದ ಮೇಲೆ ನೀನು ಕೂತಿದ್ದ ಸ್ಟೂಲನ್ನು ಗೋಡೆಯ ಹತ್ತಿರ ಇಡಲು ಹೋದೆ, ಮನಸ್ಸು ಬರಲಿಲ್ಲ. ನಡುವೆಯೇ ಬಿಟ್ಟು ಬಂದೆ. ಬೆಳಿಗ್ಗೆ ಯಾರೋ ಎಡವಿ ಬಿದ್ದು ಬೈದರು.

ಮೊಳೆ


ಜುಲೈ ೬

ಮೈದುನನಿಗೆ,

ನಿನ್ನ ಪತ್ರವನ್ನು ಇವರು ಈ ಸಲ ಮೇಜಿನ ಕೆಳಗೆ ಇಡಲಿಲ್ಲ. ಎಲ್ಲಿಟ್ಟಿದ್ದಾರೆಂದು ಕೇಳಿದರೆ ಯಾವ ಪತ್ರ ಎನ್ನುತ್ತಾರೆ.

ಅಲ್ಲಿಗೆ ಹೋಗುವುದನ್ನು ನನಗೆ ಹೇಳಿರಲಿಲ್ಲ, ಕುರ್ಚಿಗೆ ಬೆತ್ತ ತರುತ್ತೇನೆಂದು ಹೊರಟವರು. ಬೆತ್ತವಿಲ್ಲದೆ ಬಂದರು. ನಿನ್ನ ಪತ್ರ ಓದಿದ ಮೇಲೆಯೇ ನನಗೆ ಎಲ್ಲ ತಿಳಿದದ್ದು. ಓದಿ ಮೊದಲು ಇವರನ್ನು ಬೈದೆ, ಆಮೇಲೆ ನಿನ್ನನ್ನು ಬೈದೆ, ಆಮೇಲೆ ಅಳು ಬಂತು. ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಈಗಲೂ ಗೋಡೆಯ ಪಕ್ಕದಲ್ಲೇ ಕೂರುತ್ತಾರೆ. ಆದರೆ ಮೊನ್ನೆ ಮಗಳು ಎಡಗಡೆಯಿಂದ ಬಂದು ಹೆಗಲ ಮೇಲೆ ಗಲ್ಲ ಇಟ್ಟಳು. ಇವರು ಬೆಚ್ಚಿದರು, ಕೈ ಮಾತ್ರ ಎತ್ತಲಿಲ್ಲ. ನಾನು ನೋಡಿದೆ.

ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ. ನೀನು ಎಂದು ಬರೆದು ನೋಡುತ್ತಿದ್ದೇನೆ, ಕೈಗೆ ಬರುತ್ತಿದೆ.

ಕಾಗದ ಇಟ್ಟ ಮೇಜು ಎಷ್ಟು ದಿನ ನಿಂತೀತು? ಮತ್ತೆ ಅಲುಗಾಡುತ್ತಿದೆ, ನಿನ್ನೆ ಸಾರು ಚೆಲ್ಲಿತು. ಇವರನ್ನು ಕೇಳಿದರೆ ಇಬ್ಬರು ಬೇಕು, ಒಬ್ಬ ಎತ್ತಿ ಹಿಡಿಯಬೇಕು, ಒಬ್ಬ ಕಾಲು ಕೂರಿಸಬೇಕು ಎನ್ನುತ್ತಾರೆ. ಹತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಹೀಗೆ ಹೇಳಿದವರಲ್ಲ. ರಜೆಯ ದಿನ ನೋಡಿ ಬಾ. ಅಳತೆಯ ಗೀಟು ಮಾತ್ರ ನಾನು ಹಾಕುತ್ತೇನೆ, ನೀವಿಬ್ಬರೂ ಮುಟ್ಟಬಾರದು.

ಬಂದವನು ನಮ್ಮ ಬಾಗಿಲ ಮುಂದೆ ಕಂಬದ ಹಾಗೆ ನಿಂತುಬಿಡಬೇಡ. ಒಲೆ ಬಿಟ್ಟು ಎದ್ದು ಬಂದು ತೆಗೆಯಲು ನನಗೆ ಪುರುಸೊತ್ತಿರುವುದಿಲ್ಲ. ಚಿಲಕ ಹಾಕಿರುವುದಿಲ್ಲ. ತಳ್ಳಿಕೊಂಡು ಒಳಗೆ ಬಾ.

ನಿನ್ನ ಅತ್ತಿಗೆ